ಇವನೇ ಇರಬೇಕು

ದಸರಾ ರಜೆಗೆ ಮೊಮ್ಮಕ್ಕಳು ಮಧುಗಿರಿಗೆ ಬಂದರೆಂದರೆ ನಮ್ಮ ಮನೆಯ ಹಜಾರ ಹಜಾರವಾಗಿ ಉಳಿಯುವುದಿಲ್ಲ. ಈ ಸಲ ಪಕ್ಕದ ಮನೆಯ ಇಬ್ಬರನ್ನೂ ಸೇರಿಸಿಕೊಂಡು ಚೀಟಿ ಆಟ ಶುರು ಮಾಡಿದ್ದರು. ರಾಜ, ರಾಣಿ, ಪೊಲೀಸ್, ಕಳ್ಳ. ನಾವೂ ಆಡಿದ ಆಟವೇ. ಅಜ್ಜಿ ತಾತಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊಬೈಲು ಬಂದಮೇಲೆ ಹುಟ್ಟಿದ ಮಕ್ಕಳಿಗಾಗಿ ಹೇಳುತ್ತೇನೆ. ನಾಲ್ಕು ಚೀಟಿ ಬರೆದು, ಮಡಿಸಿ, ಕುಲುಕಿ ಎಸೆಯುವುದು. ಪೊಲೀಸ್ ಚೀಟಿ ಸಿಕ್ಕವನು ಉಳಿದವರ ಮುಖ ನೋಡಿ ಕಳ್ಳ ಯಾರೆಂದು ಹೇಳಬೇಕು. ಸರಿಯಾದರೆ ಅವನಿಗೆ ಐನೂರು. ತಪ್ಪಾದರೆ ಅವನಿಗೆ ಸೊನ್ನೆ, ಆ ಐನೂರು ಕಳ್ಳನ ಪಾಲು.

ಎಂಟನೇ ಕ್ಲಾಸಿನ ಮೊಮ್ಮಗ ತನ್ನ ತಂಗಿಯನ್ನು ತೋರಿಸಿ "ಇವಳೇ" ಎಂದ. ಅವಳು ಚೀಟಿ ಬಿಚ್ಚಿದಳು. ರಾಣಿ. ಕೂಡಲೇ ಅಳು ಶುರುವಾಯಿತು. "ತಾತ, ಇವನು ಯಾವಾಗಲೂ ನನ್ನನ್ನೇ ಕಳ್ಳಿ ಅಂತಾನೆ."

"ಯಾಕೋ ಅವಳೇ ಅಂದೆ?" ಎಂದು ಕೇಳಿದೆ.

"ಮುಖ ನೋಡಿದ್ರೇ ಗೊತ್ತಾಗ್ತಿತ್ತು ತಾತ. ಅವಳೇ ಇರಬೇಕು ಅನ್ನಿಸ್ತು."

ಕೈಲಿದ್ದ ಕಾಫಿ ಲೋಟ ಕೆಳಗಿಟ್ಟೆ. 'ಇರಬೇಕು' ಎಂಬ ಆ ಮಾತನ್ನು ನಾನೂ ಒಂದು ಸಲ ಆಡಿದ್ದೇನೆ. ಆಗ ಅದರಿಂದ ಒಬ್ಬ ಮನುಷ್ಯ ಮೂರು ತಿಂಗಳು ಜೈಲಿನಲ್ಲಿದ್ದ. ಆ ಸಂಜೆ ಮಕ್ಕಳಿಗೆ ಹೇಳಿದ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನದು ಬಿ.ಕಾಂ., ವಕೀಲಿ ಓದಿದವನಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಪೊಲೀಸು, ಕೋರ್ಟು, ಜೈಲು ಅನ್ನುವ ಮೂರು ಬೇರೆ ಬೇರೆ ಮನೆಗಳೆಂದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಈ ಒಂದು ಕೇಸಿನಿಂದ.

1983ರ ಸುಮಾರು. ನಾನಾಗ ಪಾವಗಡ ತಾಲ್ಲೂಕಿನ ಒಂದು ಶಾಖೆಯಲ್ಲಿದ್ದೆ. ಊರಿನ ಹೆಸರು ಬೇಡ, ಬ್ಯಾಂಕಿನ ಹೆಸರೂ ಬೇಡ. ಕಡಲೆಕಾಯಿ ಬಿತ್ತನೆಗೆ ಮುಂಚೆ ಒಡವೆ ಸಾಲಕ್ಕೆ ಜನ ಮುಗಿಬೀಳುತ್ತಿದ್ದ ಕಾಲ. ಅಕ್ಕಸಾಲಿ ಒಡವೆ ತೂಗಿ ಒರೆ ಹಚ್ಚಿ ನೋಡುವುದು, ನಾನು ಫಾರಂ ತುಂಬಿ ಲೆಡ್ಜರಿಗೆ ಹತ್ತಿಸುವುದು, ಮ್ಯಾನೇಜರು ಸಹಿ ಹಾಕುವುದು. ದಿನಕ್ಕೆ ಮೂವತ್ತು ನಲವತ್ತು ಮಂದಿ. ತಲೆಯೆತ್ತಿ ಮುಖ ನೋಡಲು ಪುರುಸೊತ್ತಿರಲಿಲ್ಲ.

ಒಂದು ದಿನ ಪೊಲೀಸಿನವರು ಬಂದರು. ಮಧುಗಿರಿ ಕಡೆಯ ಹಳ್ಳಿಯೊಂದರಲ್ಲಿ ರಾತ್ರಿ ಮನೆಗೆ ನುಗ್ಗಿ ಎರಡೆಳೆ ಸರ ಕದ್ದಿದ್ದಾರೆ, ಅದು ನಿಮ್ಮಲ್ಲಿ ಅಡವಾಗಿದೆಯೆಂದು ಸುಳಿವು ಸಿಕ್ಕಿದೆ ಎಂದರು. ಲೆಡ್ಜರು ತೆಗೆದು ನೋಡಿದರೆ ಹೌದು. ಹೆಸರೂ ಇತ್ತು, ಊರೂ ಇತ್ತು. ಹೆಸರು ಆಂಜನೇಯನದು. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಊರಿಗೆ ಹತ್ತು ಮಂದಿಯಾದರೂ ಆ ಹೆಸರಿನವರು ಇರುತ್ತಾರೆ. ಬೀದಿಯಲ್ಲಿ ನಿಂತು ಕೂಗಿದರೆ ಐದು ಮನೆಯ ಬಾಗಿಲು ತೆರೆಯುತ್ತದೆ.

ವಾರ ಕಳೆದು ಅವರು ಮತ್ತೆ ಬಂದರು. ಈ ಸಲ ಜೊತೆಗೆ ಒಬ್ಬ ಮನುಷ್ಯನಿದ್ದ. ಕೂಲಿಯವನು, ಮೂವತ್ತರ ಒಳಗಿನ ವಯಸ್ಸು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಸರ ಕಳೆದುಕೊಂಡ ಮನೆಯಲ್ಲಿ ಆತ ಹಿಂದೆ ಗೋಡೆ ಕೆಲಸಕ್ಕೆ ಹೋಗಿದ್ದನಂತೆ. ಹೆಸರು ಅದೇ, ಊರೂ ಅದೇ. "ಸರ ಅಡವಿಟ್ಟವನು ಇವನೇ ತಾನೆ, ನೋಡಿ ಹೇಳಿ" ಎಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೌಂಟರಿನ ಮುಂದೆ ಜನ ಕಾಯುತ್ತಿದ್ದರು. ನಾನೊಮ್ಮೆ ಅವನ ಮುಖ ನೋಡಿದೆ. "ಇವನೇ ಇರಬೇಕು" ಎಂದೆ.

ಮಹಜರು ಬರೆದರು. ಸರವನ್ನು ಲಕೋಟೆಗೆ ಹಾಕಿ ಅರಗು ಹಚ್ಚಿ ಮುದ್ರೆ ಒತ್ತಿದರು. ಅದಕ್ಕೆ ಮುದ್ದೆಮಾಲು ಎನ್ನುತ್ತಾರೆ. ಮೊಮ್ಮಗಳು ಇಲ್ಲಿ ನನ್ನನ್ನು ತಡೆದು "ರಾಗಿ ಮುದ್ದೇನಾ ತಾತ?" ಎಂದಳು. ಅಲ್ಲ ಕಣಮ್ಮ, ನವಾಬರ ಕಾಲದಿಂದ ಕಚೇರಿಯಲ್ಲಿ ಉಳಿದುಬಂದ ಮಾತು ಅದು. ವ್ಯಾಜ್ಯದಲ್ಲಿರುವ ವಸ್ತು ಎಂದರ್ಥ. ಪಂಚರ ಜಾಗದಲ್ಲಿ ನಾನೂ ಸಹಿ ಹಾಕಿದೆ. ನನ್ನ ಹೇಳಿಕೆಯನ್ನು ಪೊಲೀಸರು ತಾವೇ ಬರೆದುಕೊಂಡರು. ಅದಕ್ಕೆ ನನ್ನ ಸಹಿ ಬೇಕಿಲ್ಲ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಹಿ ಹಾಕಿಸಿಕೊಳ್ಳಬಾರದೆಂದೇ ಕಾನೂನಿದೆ ಎಂದು ಆಮೇಲೆ ತಿಳಿಯಿತು. ಅದರಲ್ಲಿ ಏನು ಬರೆದಿದ್ದರೆಂದು ನಾನು ಆ ದಿನ ಓದಲಿಲ್ಲ.

ಇಲ್ಲಿ ಒಂದು ಮಾತು. ಇಂಥ ಸಂದರ್ಭಕ್ಕೆ ಸರಿಯಾದ ಕ್ರಮವೊಂದು ಆಗಲೂ ಇತ್ತು. ಗುರುತು ಪತ್ತೆ ಪೆರೇಡು ಎನ್ನುತ್ತಾರೆ. ಅದೇ ವಯಸ್ಸಿನ, ಅದೇ ಮೈಕಟ್ಟಿನ ಹಲವರ ನಡುವೆ ಆರೋಪಿಯನ್ನು ನಿಲ್ಲಿಸಿ, ಪೊಲೀಸರು ಆಚೆ ಹೋಗಿ, ದಂಡಾಧಿಕಾರಿಯ ಎದುರು ಸಾಕ್ಷಿಯನ್ನು ಕರೆದು ಗುರುತಿಸಲು ಹೇಳುವುದು. ಒಬ್ಬನನ್ನೇ ತಂದು ನಿಲ್ಲಿಸಿ 'ಇವನೇ ತಾನೆ' ಎಂದರೆ, ಯಾರ ಬಾಯಿಂದಲೂ ಹೌದೆಂದೇ ಬರುತ್ತದೆ.

ಮಕ್ಕಳ ಪಾಠದಲ್ಲಿ ಬರುವ ಇಪ್ಪತ್ತನಾಲ್ಕು ಗಂಟೆಯ ನಿಯಮ ನಿಮಗೆ ಗೊತ್ತಿರಬಹುದು. ನಮ್ಮ ಸಂವಿಧಾನದ 22ನೇ ವಿಧಿಯಲ್ಲಿದೆ. ಯಾರನ್ನೇ ಬಂಧಿಸಿದರೂ, ಪ್ರಯಾಣದ ವೇಳೆ ಬಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಲ್ಲಿಂದ ಮುಂದೆ ಆ ಮನುಷ್ಯ ಪೊಲೀಸರ ಸ್ವತ್ತಲ್ಲ. ಒಳಗಿಡಬೇಕೋ ಬಿಡಬೇಕೋ ಎಂಬುದನ್ನು ತೀರ್ಮಾನಿಸುವವರು ನ್ಯಾಯಾಧೀಶರು. ನಮ್ಮ ಕೂಲಿಯವನಿಗೂ ಜಾಮೀನು ಸಿಕ್ಕಿತು. ಆದರೆ ಜಾಮೀನು ನಿಲ್ಲುವವನ ಹೆಸರಲ್ಲಿ ಪಹಣಿ ಇರಬೇಕಲ್ಲ! ಕೂಲಿಯವನ ನೆಂಟರೆಲ್ಲ ಕೂಲಿಯವರೇ. ಹೆಂಡತಿಯ ಕಡೆಯ ದೂರದ ಒಬ್ಬ ಮಾವ, ಎರಡು ಎಕರೆ ಹೊಲ ಇದ್ದವನು, ಒಪ್ಪಿಕೊಂಡು ಬರುವಷ್ಟರಲ್ಲಿ ಮೂರು ತಿಂಗಳಾಗಿತ್ತು. ಬಿಡಬಹುದೆಂದು ನ್ಯಾಯಾಲಯ ಹೇಳಿದ ಮೇಲೂ ಒಂದು ಪಹಣಿ ಇಲ್ಲದೆ ಒಳಗೆ ಕೂತಿದ್ದ ಮೂರು ತಿಂಗಳು ಅದು.

ಈ ಪೊಲೀಸು, ಮ್ಯಾಜಿಸ್ಟ್ರೇಟು, ಜೈಲು ಬೇರೆಬೇರೆಯಾಗಿ ಇರಬೇಕೆಂಬುದು ಹಳೆಯ ಮಾತೇನಲ್ಲ. ನಮ್ಮ ಸೀಮೆಯ ಚರಿತ್ರೆಯೇ ಅದಕ್ಕೆ ಸಾಕ್ಷಿ. 1687ರ ಸುಮಾರಿಗೆ ಮೊಗಲರು ಶಿರಾವನ್ನು ತಮ್ಮ ಸುಬಾದ ಮುಖ್ಯ ಪಟ್ಟಣ ಮಾಡಿಕೊಂಡರು. ಆಗ ಬಂದವನು ಫೌಜುದಾರ. ಫೌಜು ಎಂದರೆ ದಂಡು. ದಂಡು ಇಟ್ಟುಕೊಂಡು ಸೀಮೆ ಕಾಯುವವನು. ಇವತ್ತಿಗೂ ಕ್ರಿಮಿನಲ್ ಕೇಸಿಗೆ ನಮ್ಮ ಹಿರಿಯರು ಫೌಜುದಾರಿ ಮೊಕದ್ದಮೆ ಎನ್ನುವುದುಂಟು. ಆಸ್ತಿ ವ್ಯಾಜ್ಯಕ್ಕೆ ದಿವಾಣಿ. ಶಿರಾದ ಕೋಟೆ, ಜುಮ್ಮಾ ಮಸೀದಿ ನೋಡಲು ಹೋದಾಗ ಈ ಮಾತೂ ನೆನಪಿರಲಿ.

ನಮ್ಮ ಮಧುಗಿರಿ ಬೆಟ್ಟವೂ ಒಂದು ಜೈಲಾಗಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಮಗನನ್ನೂ ಈ ಕೋಟೆಯಲ್ಲಿ ಸೆರೆಯಿಟ್ಟ. ಅವರ ಮೇಲೆ ಏನು ಆರೋಪ, ವಾದಿಸಿದವರು ಯಾರು, ಎಷ್ಟು ವರ್ಷ ಶಿಕ್ಷೆ? ಯಾವುದೂ ಇರಲಿಲ್ಲ. ಹಿಡಿದವನೇ ತೀರ್ಪುಗಾರ, ಅವನೇ ಕಾವಲುಗಾರ. 1767ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ದಂಡು ಬಂದು ಕೋಟೆ ಹಿಡಿದ ಮೇಲೆಯೇ ಅವರಿಗೆ ಬಿಡುಗಡೆ. ಈಗ ಬೆಟ್ಟ ಹತ್ತಿ ಸೆಲ್ಫಿ ತೆಗೆದುಕೊಳ್ಳುವ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ. ದಂಡು ಬಂದು ಬಿಡಿಸಬೇಕಾದ ಕಾಲ ಹೋಗಿ, ಒಂದು ಅರ್ಜಿಯಿಂದ ಬಿಡಿಸಬಹುದಾದ ಕಾಲ ಬಂದಿದೆ ಎಂಬುದು ಸಣ್ಣ ಸಂಗತಿಯಲ್ಲ.

ಆಮೇಲೆ ಕಮಿಷನರುಗಳ ಆಳ್ವಿಕೆಯಲ್ಲಿ ತಾಲ್ಲೂಕಿಗೊಬ್ಬ ಅಮಲ್ದಾರ. ಕಂದಾಯ ವಸೂಲಿ ಅವನದೇ, ಪೊಲೀಸಿನ ಮೇಲ್ವಿಚಾರಣೆ ಅವನದೇ, ಸಣ್ಣಪುಟ್ಟ ಅಪರಾಧಕ್ಕೆ ಶಿಕ್ಷೆ ಕೊಡುವುದೂ ಅವನದೇ. ನನ್ನ ಅಜ್ಜ ಅಮಲ್ದಾರರು ಬಂದರೆಂದರೆ ಎದ್ದು ನಿಂತು ರುಮಾಲು ಸರಿಮಾಡಿಕೊಳ್ಳುತ್ತಿದ್ದರಂತೆ. ಯಾಕೆಂದು ಈಗ ಅರ್ಥವಾಗುತ್ತದೆ. 1884ರಲ್ಲಿ ಮೈಸೂರು ಸಂಸ್ಥಾನಕ್ಕೆ ಚೀಫ್ ಕೋರ್ಟ್ ಬಂತು. ಈಗ ಬೆಂಗಳೂರಿನ ಅಠಾರ ಕಚೇರಿಯ ಕೆಂಪು ಕಟ್ಟಡದಲ್ಲಿರುವ ಹೈಕೋರ್ಟಿನ ಪೂರ್ವಜ ಅದು. ಸ್ವಾತಂತ್ರ್ಯ ಬಂದಮೇಲೆ ಸಂವಿಧಾನದ 50ನೇ ವಿಧಿ, ಆಡಳಿತದಿಂದ ನ್ಯಾಯಾಂಗವನ್ನು ಬೇರೆ ಮಾಡಿ ಎಂದು ಸರ್ಕಾರಕ್ಕೆ ಹೇಳಿತು. ದೇಶಕ್ಕೆಲ್ಲ ಒಂದೇ ರೀತಿಯಲ್ಲಿ ಅದನ್ನು ಜಾರಿಗೆ ತಂದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ. 1974ರ ಏಪ್ರಿಲ್ 1ರಿಂದ. ನಾನು ಬ್ಯಾಂಕಿಗೆ ಸೇರಿದ್ದೂ ಅದೇ ವರ್ಷ. ಅಂದರೆ ಈ ಬೇರ್ಪಾಡಿಗೂ ನನ್ನ ಸಂಬಳಕ್ಕೂ ಒಂದೇ ವಯಸ್ಸು!

ಹಾಗಾಗಿಯೇ ಈಗ ನಮ್ಮಲ್ಲಿ ಎರಡು ತರಹದ ಮ್ಯಾಜಿಸ್ಟ್ರೇಟರು. ತಾಲ್ಲೂಕು ಕಚೇರಿಗೆ ಹೋದರೆ ತಹಶೀಲ್ದಾರರ ಬೋರ್ಡಿನಲ್ಲಿ 'ತಾಲ್ಲೂಕು ದಂಡಾಧಿಕಾರಿ' ಎಂದೂ ಇರುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಮಧುಗಿರಿ ಉಪವಿಭಾಗ, ಅದರ ಎ.ಸಿ. ಸಾಹೇಬರು ಉಪವಿಭಾಗ ದಂಡಾಧಿಕಾರಿ. ಇವರು ಕಳ್ಳನಿಗೆ ಶಿಕ್ಷೆ ಕೊಡುವವರಲ್ಲ. ಎರಡು ಪಂಗಡ ಜಗಳಕ್ಕೆ ನಿಂತರೆ ಕರೆದು ಮುಚ್ಚಳಿಕೆ ಬರೆಸಿಕೊಳ್ಳುವುದು, ಗಲಭೆಯಾಗುವಂತಿದ್ದರೆ ಗುಂಪು ಸೇರಬಾರದೆಂದು ಆಜ್ಞೆ ಹೊರಡಿಸುವುದು, ಇಂಥ ಶಾಂತಿ ಕಾಯುವ ಕೆಲಸ ಅವರದು. ಆರೋಪ ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಮ್ಯಾಜಿಸ್ಟ್ರೇಟರು ಕೋರ್ಟಿನಲ್ಲಿರುತ್ತಾರೆ. ಅವರು ಹೈಕೋರ್ಟಿನ ಅಧೀನ; ಎ.ಸಿ.ಗಾಗಲಿ ಎಸ್‌ಪಿಗಾಗಲಿ ಉತ್ತರ ಕೊಡಬೇಕಾದವರಲ್ಲ. ಇನ್ನೊಂದು ಗಮ್ಮತ್ತು: ಕಂದಾಯದ ನಕ್ಷೆಯೂ ಪೊಲೀಸಿನ ನಕ್ಷೆಯೂ ಒಂದೇ ಅಲ್ಲ. ಕಂದಾಯಕ್ಕೆ ಶಿರಾ ಮಧುಗಿರಿಯ ಜೊತೆಗಿದ್ದರೂ ಪೊಲೀಸಿಗೆ ಶಿರಾದಲ್ಲಿ ಬೇರೆ ಡಿವೈಎಸ್‌ಪಿ ಇದ್ದಾರೆ.

ಮತ್ತೆ ನನ್ನ ಕೇಸಿಗೆ ಬರುತ್ತೇನೆ. ಪೊಲೀಸರು ತನಿಖೆ ಮುಗಿಸಿ ಮಧುಗಿರಿ ಕೋರ್ಟಿಗೆ ಚಾರ್ಜ್‌ಶೀಟ್ ಹಾಕಿದರು. ಸಾಕ್ಷಿಗಳ ಪಟ್ಟಿಯಲ್ಲಿ ನನ್ನ ಹೆಸರು. ಒಂದೂವರೆ ವರ್ಷದ ಮೇಲೆ ಸಮನ್ಸ್ ಬಂತು. ಮೊದಲ ಸಲ ಹೋದಾಗ ವಾಯ್ದೆ. ಎರಡನೇ ಸಲವೂ ವಾಯ್ದೆ. ಬೆಳಗಿನ ಬಸ್ಸು ಹಿಡಿದು ಬಂದು, ಕೋರ್ಟಿನ ಹೊರಗೆ ಮಧ್ಯಾಹ್ನದವರೆಗೆ ನಿಂತು, ಚಿತ್ರಾನ್ನ ತಿಂದು ವಾಪಸ್ಸು. ಸಾಕ್ಷಿ ಹೇಳಲು ಜನ ಯಾಕೆ ಹಿಂಜರಿಯುತ್ತಾರೆಂದು ಆಗ ಗೊತ್ತಾಯಿತು. ಸರ ಕಳೆದುಕೊಂಡ ಅಜ್ಜಿಯೂ ಪ್ರತಿ ಸಲ ಬರುತ್ತಿದ್ದರು. ಸೊಸೆಯ ಮದುವೆಗೆಂದು ಮಾಡಿಸಿದ ಸರವಂತೆ. "ಅಪ್ಪಾ, ನೀನು ಓದಿದೋನು. ನನ್ನ ಸರ ಯಾವಾಗ ಕೊಡ್ತಾರೆ?" ಎಂದು ನನ್ನನ್ನು ಕೇಳುತ್ತಿದ್ದರು.

ಮೂರನೇ ಸಲ ಸರ್ಕಾರಿ ವಕೀಲರು ಫೈಲು ಹಿಡಿದು ಜಗುಲಿಗೆ ಬಂದು ನನ್ನನ್ನು ಕರೆದರು. ಪೊಲೀಸರ ಪರ ವಾದಿಸುವವರು, ಏನು ಹೇಳಬೇಕೆಂದು ಹೇಳಿಕೊಡುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ನೆನಪಿರೋದನ್ನ ಹೇಳಿ, ನೆನಪಿಲ್ಲದ್ದನ್ನ ಹೇಳಬೇಡಿ. ನಾನು ಪೊಲೀಸರ ವಕೀಲ ಅಲ್ಲ ರೀ, ಸರ್ಕಾರದ ವಕೀಲ. ಗೆಲ್ಲಲೇಬೇಕು ಅಂತ ನನಗೇನೂ ಇಲ್ಲ" ಎಂದರು. ನನ್ನ ಮೈ ಮೇಲೆ ತಣ್ಣೀರು ಎರಚಿದಂತಾಯಿತು. ಈಗ ಹಿಂತಿರುಗಿ ನೋಡಿದರೆ, ಆ ಕೇಸಿನಲ್ಲಿ ನಾನು ಕಂಡ ಅತ್ಯಂತ ದೊಡ್ಡ ಮನುಷ್ಯ ಅವರೇ. ತನಿಖೆ ಮಾಡುವವರು ಬೇರೆ, ಅದನ್ನು ನ್ಯಾಯಾಲಯದ ಮುಂದಿಡುವವರು ಬೇರೆ ಆಗಿರಬೇಕೆಂದು ಕಾನೂನು ಯಾಕೆ ಹೇಳುತ್ತದೆ? ತನಿಖೆಯಲ್ಲಿ ತಪ್ಪಿದ್ದರೆ ಅದನ್ನು ಇನ್ನೊಂದು ಜೊತೆ ಕಣ್ಣು ನೋಡಲಿ ಎಂದು. ಬ್ಯಾಂಕಿನಲ್ಲೂ ಹಾಗೇ: ಚೀಟಿ ಬರೆದವನೇ ಪಾಸು ಮಾಡುವಂತಿಲ್ಲ.

ಒಳಗೆ ದಫೇದಾರ ನನ್ನ ಹೆಸರನ್ನು ಮೂರು ಸಲ ಕೂಗಿದ. ಕಟಕಟೆ ಹತ್ತಿ ಪ್ರಮಾಣ ಮಾಡಿದೆ. ಎದುರಿನ ಮೂಲೆಯಲ್ಲಿ ಆ ಮನುಷ್ಯ ಕೈಕಟ್ಟಿ ನಿಂತಿದ್ದ. ಸರ್ಕಾರಿ ವಕೀಲರು ಲೆಡ್ಜರು, ಫಾರಂ ತೋರಿಸಿ ನನ್ನ ಬರವಣಿಗೆ ಹೌದೇ ಎಂದರು. ಹೌದೆಂದೆ. ಆಮೇಲೆ ಆರೋಪಿಯ ಕಡೆಯ ವಕೀಲರು ಎದ್ದರು. ಮೀಸೆ ಆಗ ತಾನೇ ಚಿಗುರಿದ ಹುಡುಗ, ಫೀಸು ತೆಗೆದುಕೊಳ್ಳದೆ ಕೇಸು ಹಿಡಿದಿದ್ದರಂತೆ. ಪಾಟೀಸವಾಲು ಎಂದರೆ ಗದರಿಸುವುದು ಎಂದು ಸಿನಿಮಾದಲ್ಲಿ ನೋಡಿದ್ದೆ. ಇವರು ಮೆತ್ತಗೆ ಕೇಳಿದರು.

"ಸ್ವಾಮಿ, ಅಡವು ಇಟ್ಟವರು ಫಾರಂ ಮೇಲೆ ಏನು ಮಾಡಿದಾರೆ? ಸಹಿನೋ ಹೆಬ್ಬೆಟ್ಟೋ?"

ಫಾರಂ ನನ್ನ ಕೈಯಲ್ಲೇ ಇತ್ತು. ನೋಡಿದೆ. ವಕ್ರವಕ್ರವಾಗಿ, ಆದರೆ ಕನ್ನಡದಲ್ಲಿ, ಸಹಿ.

"ಸಹಿ" ಎಂದೆ.

"ಓದು ಬರಹ ಬಾರದವರಾದರೆ ನಿಮ್ಮ ಬ್ಯಾಂಕಿನಲ್ಲಿ ಏನು ಮಾಡ್ತೀರಿ?"

"ಹೆಬ್ಬೆಟ್ಟು ಒತ್ತಿಸ್ತೀವಿ. ಸಾಕ್ಷಿ ಸಹಿ ಬೇಕು, ಮ್ಯಾನೇಜರ ಮುಂದೇನೇ ಆಗಬೇಕು."

ಅವರು ತಮ್ಮ ವಕಾಲತ್ತಿನ ಕಾಗದ ಎತ್ತಿ ತೋರಿಸಿದರು. ಜಾಮೀನು ಕಾಗದ ತೋರಿಸಿದರು. ಎಲ್ಲದರ ಮೇಲೂ ನೀಲಿ ಹೆಬ್ಬೆಟ್ಟು. ನನ್ನ ಗಂಟಲು ಒಣಗಿತು. ಸಾಯಂಕಾಲ ಐದು ಪೈಸೆ ತಾಳೆಯಾಗದಿದ್ದರೆ ರಾತ್ರಿ ಒಂಬತ್ತರವರೆಗೆ ಕೂತು ಹುಡುಕುತ್ತಿದ್ದವನು ನಾನು. ಆ ದಿನ ಪೊಲೀಸರು ಬಂದಾಗ ಲೆಡ್ಜರಿನ ಹೆಸರು ನೋಡಿದೆನೇ ಹೊರತು, ಫಾರಂ ತೆಗೆದು ಸಹಿ ನೋಡಲಿಲ್ಲ.

ಕೊನೆಯ ಪ್ರಶ್ನೆ. "ಬ್ಯಾಂಕಿಗೆ ಇವರನ್ನ ಕರಕೊಂಡು ಬಂದಾಗ ನೀವು 'ಇವನೇ' ಅಂದ್ರೋ, 'ಇವನೇ ಇರಬೇಕು' ಅಂದ್ರೋ?"

ಚಾರ್ಜ್‌ಶೀಟಿನ ಜೊತೆಗಿದ್ದ ಹೇಳಿಕೆಯಲ್ಲಿ 'ಇವನೇ' ಎಂದಷ್ಟೇ ಇತ್ತು. 'ಇರಬೇಕು' ಎಲ್ಲೋ ಉದುರಿಹೋಗಿತ್ತು. ಮ್ಯಾಜಿಸ್ಟ್ರೇಟರು ಬರೆಯುತ್ತಿದ್ದವರು ತಲೆಯೆತ್ತಿ ನೋಡಿದರು. 'ಇವನೇ' ಎಂದು ಹೇಳಿದರೆ ನಾನು ಮರ್ಯಾದೆಯಿಂದ ಇಳಿದು ಹೋಗಬಹುದಿತ್ತು. 'ಇರಬೇಕು' ಎಂದರೆ, ಹಾಗಾದರೆ ಅಂದು ಸುಮ್ಮನೆ ಯಾಕೆ ಸಹಿ ಹಾಕಿದಿರಿ ಎಂದು ಎಲ್ಲರ ಮುಂದೆ ಅನ್ನಿಸಿಕೊಳ್ಳಬೇಕಿತ್ತು.

"ಇರಬೇಕು ಅಂದೆ ಸ್ವಾಮಿ. ಈಗ ಕೇಳಿದರೆ ಅದನ್ನೂ ಹೇಳಲಾರೆ."

ಅನ್ನಿಸಿಕೊಳ್ಳಲೂಬೇಕಾಯಿತು. ಅದನ್ನಿಲ್ಲಿ ಬರೆಯುವುದಿಲ್ಲ. ಎರಡು ತಿಂಗಳ ಮೇಲೆ ತೀರ್ಪು ಬಂತು: ಆರೋಪ ಸಾಬೀತಾಗಿಲ್ಲ, ಬಿಡುಗಡೆ. ಅಜ್ಜಿಗೆ ಕೋರ್ಟಿನಿಂದಲೇ ಸರ ಸಿಕ್ಕಿತು. ನಮ್ಮ ಬ್ಯಾಂಕಿನ ಸಾಲದ ಬಾಕಿ ಹಾಗೇ ಉಳಿದು, ಪ್ರತಿ ವರ್ಷ ಆಡಿಟ್ಟಿನವರು ಅದರ ಮುಂದೆ ಕೆಂಪು ಗೀಟು ಎಳೆಯುತ್ತಿದ್ದರು.

"ಹಾಗಾದ್ರೆ ನಿಜವಾದ ಕಳ್ಳ ಯಾರು?" ಮೊಮ್ಮಗ ಕೇಳಿದ. ಸಿಗಲಿಲ್ಲ ಕಣೋ. ಆ ಊರಿಗೆ ಸೇರಿದ ಎರಡು ಹಟ್ಟಿಗಳಲ್ಲೂ ಅದೇ ಹೆಸರಿನವರು ಇದ್ದರೆಂದು ಆಮೇಲೆ ಕೇಳಿದೆ. ಸುಳ್ಳು ಹೆಸರು ಕೊಟ್ಟವನೂ ಇರಬಹುದು. ಅವನಿಗೆ ಇದು ಸಮಾಧಾನವಾಗಲಿಲ್ಲ. ನನಗೂ ಆಗಿಲ್ಲ.

ಅವತ್ತಿಗೂ ಇವತ್ತಿಗೂ ಏನು ವ್ಯತ್ಯಾಸ ಎಂದು ನೀವು ಕೇಳಬಹುದು. 2024ರ ಜುಲೈ 1ರಿಂದ ಹಳೆಯ ಮೂರು ಕಾನೂನುಗಳ ಜಾಗಕ್ಕೆ ಹೊಸ ಮೂರು ಬಂದಿವೆ: ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ. ವಸ್ತು ವಶಪಡಿಸಿಕೊಳ್ಳುವಾಗ, ಶೋಧನೆ ಮಾಡುವಾಗ ಈಗ ವಿಡಿಯೋ ತೆಗೆಯಬೇಕು. ಅಂದು ಹಾಗಿದ್ದಿದ್ದರೆ ನನ್ನ 'ಇರಬೇಕು' ಉದುರಿಹೋಗುತ್ತಿರಲಿಲ್ಲವೇನೋ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದೂ ಇದೆ. ಇದಕ್ಕೆ ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷದವರೆಗೆ ಅವಕಾಶ ಕೊಟ್ಟಿದ್ದಾರೆ. ಬೆರಳಚ್ಚು, ಕೈಬರಹ, ರಕ್ತದ ಕಲೆ ಇವನ್ನೆಲ್ಲ ನೋಡುವ ಇವರು ಪೊಲೀಸರ ಜೊತೆ ಕೆಲಸ ಮಾಡಿದರೂ ಅವರ ಮಾತು ವಿಜ್ಞಾನದ್ದು. ಬೆರಳಚ್ಚಿನ ಜಗತ್ತಿನ ಮೊದಲ ಕಚೇರಿ ಶುರುವಾದದ್ದು ನಮ್ಮ ದೇಶದಲ್ಲೇ, 1897ರಲ್ಲಿ ಕಲ್ಕತ್ತೆಯಲ್ಲಿ. ಮಕ್ಕಳು ಇದನ್ನು ಕ್ವಿಜ್‌ಗೆ ಬರೆದಿಟ್ಟುಕೊಳ್ಳಿ.

ಪಾವಗಡದವರಿಗೆ ತುಂಬ ಉಪಯೋಗವಾಗುವುದು ಇನ್ನೊಂದು. ಮೂರು ಕಡೆ ಆಂಧ್ರ ಇರುವ ತಾಲ್ಲೂಕು ಅದು. ಹಿಂದೂಪುರದಿಂದ ಬರುವ ಬಸ್ಸಿನಲ್ಲಿ ಚೀಲ ಕಳುವಾದರೆ ಅದು ಯಾವ ಠಾಣೆಯ ಸರಹದ್ದಿನಲ್ಲಿ ಆಯಿತು ಎಂದು ಯಾರಿಗೆ ಗೊತ್ತು? ಹಿಂದೆ 'ಅದು ನಮ್ಮ ಲಿಮಿಟ್ಟಲ್ಲ' ಎಂಬ ಮಾತು ಸಾಮಾನ್ಯವಾಗಿತ್ತು. ಈಗ ಅಪರಾಧ ಎಲ್ಲೇ ನಡೆದಿರಲಿ, ಹೋದ ಠಾಣೆಯವರು ದೂರು ದಾಖಲಿಸಿಕೊಂಡು ಆಮೇಲೆ ಸರಿಯಾದ ಠಾಣೆಗೆ ಕಳಿಸಬೇಕು. ಜೀರೋ ಎಫ್‌ಐಆರ್ ಎನ್ನುತ್ತಾರೆ. ಎಫ್‌ಐಆರ್‌ನ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು. ಕೇಳಿ ಪಡೆಯಿರಿ; ಅದರಲ್ಲಿ ನಾಚಿಕೆಯೇನಿಲ್ಲ.

ಜಾಮೀನಿನ ವಿಷಯ ಮಾತ್ರ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ. ಹೊಸ ಕಾನೂನಿನಲ್ಲಿ, ಮೊದಲ ಸಲ ಸಿಕ್ಕಿಬಿದ್ದ ವಿಚಾರಣಾ ಕೈದಿ ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕೆಂದಿದೆ. ತೀರಾ ದೊಡ್ಡ ಅಪರಾಧಗಳಿಗೆ, ಬೇರೆ ಕೇಸುಗಳೂ ಬಾಕಿ ಇರುವವರಿಗೆ ಇದಿಲ್ಲ. ಹಾಗೆ ಅವಧಿ ಮುಗಿದವರ ಬಗ್ಗೆ ನ್ಯಾಯಾಲಯಕ್ಕೆ ಅರ್ಜಿ ಬರೆಯುವ ಹೊಣೆ ಜೈಲಿನ ಸೂಪರಿಂಟೆಂಡೆಂಟರದು. ಜೈಲಿನವರ ಕೆಲಸ ಬೀಗ ಹಾಕುವುದಷ್ಟೇ ಎಂದುಕೊಂಡಿದ್ದೆವು. ಬೀಗ ತೆಗೆಯುವ ದಿನವನ್ನು ಲೆಕ್ಕ ಇಡುವುದೂ ಅವರದೇ ಕೆಲಸ. ಲೆಕ್ಕ ಇಡುವ ಕಷ್ಟ ನನಗೆ ಗೊತ್ತು.

ವಕೀಲರಿಗೆ ಕೊಡಲು ಹಣವಿಲ್ಲದವರು ಇನ್ನು ಒಳ್ಳೆಯ ಹುಡುಗನೊಬ್ಬ ಸಿಗಲಿ ಎಂದು ದೇವರಿಗೆ ಕೈಮುಗಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆ 1995ರಿಂದ ಜಾರಿಯಲ್ಲಿದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೆಂದು ಕೇಳದೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ದೂರವಾಣಿ 15100. ಮಕ್ಕಳಿಗೆ ತೊಂದರೆಯಾದರೆ 1098. ಹದಿನೆಂಟು ತುಂಬದವರು ತಪ್ಪು ಮಾಡಿದರೆ ಅವರನ್ನು ದೊಡ್ಡವರ ಲಾಕಪ್ಪಿಗೆ ಹಾಕುವಂತಿಲ್ಲ. ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಸೇವಕರೂ ಇರುವ ಬಾಲನ್ಯಾಯ ಮಂಡಳಿ ಅವರನ್ನು ನೋಡಿಕೊಳ್ಳುತ್ತದೆ. ಮೊಮ್ಮಗಳು ಅಣ್ಣನ ಕಡೆ ತಿರುಗಿ, "ನೋಡು, ನನ್ನನ್ನ ನೀನು ಹಿಡಿಯೋ ಹಾಗೇ ಇಲ್ಲ" ಎಂದಳು.

ರಾತ್ರಿ ಊಟವಾದ ಮೇಲೆ ಮಕ್ಕಳು ಹೊಸ ಚೀಟಿಗಳನ್ನು ಬರೆದರು. ರಾಜ ರಾಣಿಯನ್ನು ಕಿತ್ತುಹಾಕಿ ವಕೀಲ, ಸರ್ಕಾರಿ ವಕೀಲ, ಜಡ್ಜ್, ಜೈಲರ್ ಸೇರಿಸಿದರು. ಜಡ್ಜ್ ಚೀಟಿಗೆ ಎಲ್ಲರೂ ಆಸೆಪಟ್ಟರು. ಸಾಕ್ಷಿ ಚೀಟಿ ಯಾರಿಗೂ ಬೇಡವಾಯಿತು. ಅದನ್ನು ತಾತನಿಗೆ ಕೊಟ್ಟರು.

ಅವರಿಗೆ ಹೇಳದೆ ಉಳಿಸಿದ್ದ ಒಂದು ಸಂಗತಿ ಇದೆ. ಕೇಸು ಮುಗಿದು ಹತ್ತು ವರ್ಷವಾದ ಮೇಲೆ, ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿಗೆ ಕಾಯುತ್ತಿದ್ದೆ. ಒಬ್ಬಾತ ಬಂದು ನಮಸ್ಕಾರ ಮಾಡಿದ. ಬಿಳಿ ಪಂಚೆ, ಕಾಲಲ್ಲಿ ಚಪ್ಪಲಿ. ಯಾರೋ ಹಳೆಯ ಗಿರಾಕಿ ಇರಬೇಕು ಎಂದುಕೊಂಡೆ.

"ಗುರ್ತು ಸಿಗ್ಲಿಲ್ವಾ ಸ್ವಾಮಿ?"

ಸಿಗಲಿಲ್ಲ. ಆತ ತಾನೇ ಹೇಳಬೇಕಾಯಿತು. ಏನು ಮಾತಾಡಬೇಕೆಂದು ತೋಚದೆ ಟೀ ಕುಡಿಯೋಣ ಬಾ ಎಂದೆ. ಒಳಗಿದ್ದ ಆ ಮೂರು ತಿಂಗಳಲ್ಲಿ ಮನೆಯ ಆಡುಗಳನ್ನು ಮಾರಿದ್ದರಂತೆ. ದೊಡ್ಡ ಮಗಳನ್ನು ಶಾಲೆ ಬಿಡಿಸಿದ್ದು ಮತ್ತೆ ಸೇರಿಸಲಾಗಲಿಲ್ಲವಂತೆ. ನನ್ನನ್ನು ಬೈಯುತ್ತಾನೇನೋ ಎಂದು ಕಾಯುತ್ತಿದ್ದೆ. ಬೈಯಲಿಲ್ಲ. ಟೀ ಲೋಟ ಬೆಂಚಿನ ಮೇಲಿಟ್ಟು, ಸಾಕ್ಷರತಾ ಆಂದೋಲನದ ರಾತ್ರಿ ಶಾಲೆಗೆ ಹೋಗಿ ಓದು ಬರಹ ಕಲಿತೆ ಎಂದ. ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು, ಬಸ್ ಟಿಕೀಟಿನ ಹಿಂದೆ ತನ್ನ ಹೆಸರು ಬರೆದು ತೋರಿಸಿದ. ಅಕ್ಷರ ಗುಂಡಗೆ ಇದ್ದವು.

"ಚೆನ್ನಾಗಿ ಬರೀತೀಯಲ್ಲಪ್ಪ" ಎಂದೆ.

"ಬರೀತೀನಿ ಸ್ವಾಮಿ. ಆದ್ರೆ ಬ್ಯಾಂಕಿಗೆ ಹೋದ್ರೆ ಇವತ್ತಿಗೂ ಹೆಬ್ಬೆಟ್ಟೇ ಒತ್ತೋದು."